ಮೂರು ವಿಷಯದ ಬಿಎಸ್ಸಿ ಓದಿದವರಿಗೆ ಫಿಸಿಕ್ಸ್ ಎಂಎಸ್ಸಿ ಕೈಗೆಟುಕುತ್ತಾ?

ಪ್ರಶ್ನೆ: "ಮೇಡಂ, ನಮಸ್ಕಾರ್ರೀ. ನಾನು ಯಾದಗಿರಿ ಜಿಲ್ಲೆಯವಳು, ಶಹಾಪುರದ ಹತ್ತಿರ ನಮ್ಮ ಹಳ್ಳಿ. ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ), ಈಗ ಕೊನೆಯ ವರ್ಷಕ್ಕೆ ಬಂದಿದ್ದೀನಿ. ಫಿಸಿಕ್ಸ್‌ನಲ್ಲಿ ಎಂಎಸ್ಸಿ, ಆಮೇಲೆ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಆದರೆ ನಮ್ಮಲ್ಲಿ ಫಿಸಿಕ್ಸ್ ಅಂದರೆ ಮೂರು ವಿಷಯದಲ್ಲಿ ಒಂದು, ಅಷ್ಟೇ. ಎರಡನೇ ವರ್ಷ ಅರ್ಧ ಸೆಮಿಸ್ಟರ್ ಪಾಠವೇ ಆಗಲಿಲ್ಲ, ಗೆಸ್ಟ್ ಲೆಕ್ಚರರ್ ಬರುವ ಹೊತ್ತಿಗೆ ಪರೀಕ್ಷೆ ಬಂದಿತ್ತು. ಕ್ವಾಂಟಮ್ ಸ್ವಲ್ಪ ಓದಿದ್ದೀನಿ. ಲಗ್ರಾಂಜಿಯನ್ ಅನ್ನೋ ಪದ ಮೊದಲು ಕೇಳಿದ್ದೇ ಯೂಟ್ಯೂಬಿನಲ್ಲಿ. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ನಾಲ್ಕು ವರ್ಷದ ಕೋರ್ಸ್ ಮಾಡ್ತಾನೆ, ಅವನ ಸಿಲಬಸ್ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಒಂದು ವರ್ಷ ಡ್ರಾಪ್ ತಗೊಂಡು ಮೊದಲಿಂದ ಓದಲಾ? ಹೈದರಾಬಾದಿಗೆ ಕೋಚಿಂಗ್‌ಗೆ ಹೋಗಬೇಕಾ? ಹತ್ತನೇ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಪುಸ್ತಕ ಓದೋದು ನಿಧಾನ. ಅಪ್ಪ ಬಿ.ಇಡಿ ಮಾಡು ಅಂತಾರೆ. ಇನ್ನು ಫಿಸಿಕ್ಸ್ ಮಾತ್ರ ಓದೋಣ ಅಂತ ಹೋದ ವಾರ ಗಣಿತ, ಕೆಮಿಸ್ಟ್ರಿ ನೋಟ್ಸ್ ಎಲ್ಲ ಜೂನಿಯರ್ ಹುಡುಗಿಗೆ ಕೊಟ್ಟುಬಿಟ್ಟೆ. ಸರಿ ಮಾಡಿದೆನಾ?"

ನನ್ನ ಕ್ಲಾಸಿನ ಹುಡುಗಿಯರ ವಯಸ್ಸು ನಿನ್ನದು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನೀನು ಕೇಳಿದ ಪ್ರಶ್ನೆಗಳು ನಾಲ್ಕೈದು, ಆದರೆ ಒಳಗಿರುವ ಭಯ ಒಂದೇ ಅಂತ ನನಗೆ ಅನ್ನಿಸುತ್ತದೆ. ಬೇರೆಯವರು ಅಷ್ಟೊಂದು ಪೇಪರ್ ಓದಿ ಬಂದಿರುತ್ತಾರೆ, ನಾನು ಅದರ ಮೂರನೇ ಒಂದು ಪಾಲು ಓದಿದ್ದೇನೆ, ಅವರ ಪಕ್ಕದ ಬೆಂಚಿನಲ್ಲಿ ಕೂತರೆ ನನಗೆ ಏನಾದರೂ ಅರ್ಥ ಆಗುತ್ತಾ? ಇದೇ ಅಲ್ವಾ?

ನಾನು ಕಲಬುರಗಿಯಲ್ಲಿ ಎಂಎಸ್ಸಿ ಮೊದಲ ವರ್ಷದವರಿಗೆ ಪಾಠ ಮಾಡಲು ಶುರು ಮಾಡಿ 18 ವರ್ಷ ಆಯ್ತು. ಪ್ರತಿ ವರ್ಷ ಮೊದಲ ಟೆಸ್ಟಿನ ಪೇಪರ್ ತಿದ್ದುವಾಗ ನೋಡುವುದು ಒಂದೇ ಚಿತ್ರ. ಕಡಿಮೆ ಅಂಕ ಬಂದವರು ಕಡಿಮೆ ಪೇಪರ್ ಓದಿದವರಲ್ಲ. ವಿವರಣೆ ಬರೆ ಅಂದರೆ ಎರಡು ಪುಟ ಬರೆಯುತ್ತಾರೆ, ಐಗನ್ ವ್ಯಾಲ್ಯೂ ಅಂದರೆ ಏನು ಅಂತ ಡೆಫಿನಿಷನ್ ತಪ್ಪಿಲ್ಲದೆ ಹೇಳುತ್ತಾರೆ, ಆದರೆ ಎರಡು ಸಾಲು ಎರಡು ಕಂಬದ ಒಂದು ಸಣ್ಣ ಮ್ಯಾಟ್ರಿಕ್ಸ್ ಕೊಟ್ಟು ಅದರ ಐಗನ್ ವ್ಯಾಲ್ಯೂ ತೆಗೆ ಅಂದರೆ ಪೆನ್ ನಿಂತುಬಿಡುತ್ತದೆ. ನನಗೂ ಹಾಗೇ ಆಗಿತ್ತು. ನಾನು ಬೀದರ್ ಜಿಲ್ಲೆಯವಳು, ಮೂರು ವಿಷಯದ ಬಿಎಸ್ಸಿಯೇ ನನ್ನದೂ. ಎಂಎಸ್ಸಿ ಮೊದಲ ಟೆಸ್ಟಿನಲ್ಲಿ 25ಕ್ಕೆ 6 ಬಂದಿತ್ತು. ಹಾಸ್ಟೆಲ್ಲಿನಲ್ಲಿ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಫಿಸಿಕ್ಸ್ ನನ್ನಂಥವರಿಗಲ್ಲ ಅಂತ ಆಗ ನಂಬಿಬಿಟ್ಟಿದ್ದೆ. ಅದು ತಪ್ಪು ತಿಳುವಳಿಕೆ ಅಂತ ಗೊತ್ತಾಗಲು ಪೂರ್ತಿ ಒಂದು ಸೆಮಿಸ್ಟರ್ ಬೇಕಾಯಿತು. ನಿನಗೆ ಅಷ್ಟು ಸಮಯ ವ್ಯರ್ಥ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಸಿಲಬಸ್ ವಿಷಯ. ನಿಮ್ಮ ಚಿಕ್ಕಪ್ಪನ ಮಗನ ಕೋರ್ಸಿಗೂ ನಿನ್ನ ಕೋರ್ಸಿಗೂ ವ್ಯತ್ಯಾಸ ಇರುವುದು ನಿಜ, ಸುಮ್ನೆ ಸಮಾಧಾನಕ್ಕೆ ಇಲ್ಲ ಅನ್ನಲ್ಲ. ಆದರೆ ಆ ವ್ಯತ್ಯಾಸ ಹುಟ್ಟಿದ್ದು ನಿನ್ನ ತಪ್ಪಿನಿಂದಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆನರ್ಸ್ ಬಂತು, ಮತ್ತೆ 2024ರಲ್ಲಿ ಹಳೆಯ ಹಾಗೆ ಮೂರು ವರ್ಷ, ಮೂರು ಮುಖ್ಯ ವಿಷಯ ಅಂತ ಆಯಿತು. ನೀನು ಈ ಬದಲಾದ ಪದ್ಧತಿಗೆ ಸೇರಿದ ಮೊದಲ ಬ್ಯಾಚಿನವಳು. ಮೂರು ವಿಷಯಕ್ಕೆ ಸಮಯ ಹಂಚಿದರೆ ಫಿಸಿಕ್ಸ್‌ಗೆ ಸಿಗುವುದು ಒಂದು ಪಾಲೇ. ಅದರ ಮೇಲೆ ಲೆಕ್ಚರರ್ ಇಲ್ಲದ ತಿಂಗಳುಗಳು. ಈ ಭಾಗದ ಎಷ್ಟೋ ಕಾಲೇಜುಗಳ ಮಕ್ಕಳು ನನಗೆ ಇದೇ ಮಾತು ಹೇಳುತ್ತಾರೆ, ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆದರೆ ನೀನು ಲೆಕ್ಕ ಹಾಕುವಾಗ ಒಂದು ತಪ್ಪು ಮಾಡಿದ್ದೀಯ. ಫಿಸಿಕ್ಸ್ ಅಂತ ಹೆಸರಿರುವ ಪೇಪರ್‌ಗಳನ್ನು ಮಾತ್ರ ಎಣಿಸಿದ್ದೀಯ. ಎಂಎಸ್ಸಿಗೆ ಬೇಕಾದ ತಯಾರಿ ನಿನ್ನ ಡಿಗ್ರಿಯಲ್ಲಿ ಮೂರು ಡಿಪಾರ್ಟ್‌ಮೆಂಟಿನಲ್ಲಿ ಚೆದುರಿ ಬಿದ್ದಿದೆ. ಯಾರೂ ಅದನ್ನು ನಿನಗೆ ಒಂದು ಕಡೆ ಸೇರಿಸಿ ತೋರಿಸಿಲ್ಲ.

ಗಣಿತದಿಂದ ಶುರು ಮಾಡೋಣ. ಮ್ಯಾಟ್ರಿಕ್ಸ್ ಓದಿದ್ದೀಯ, ಕ್ಯಾರಕ್ಟರಿಸ್ಟಿಕ್ ಈಕ್ವೇಶನ್ ಬಿಡಿಸಿದ್ದೀಯ. ಡಿಫರೆನ್ಷಿಯಲ್ ಈಕ್ವೇಶನ್ ಓದಿದ್ದೀಯ. ಆದರೆ ಅದನ್ನೆಲ್ಲ ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ ಅಂತ ಓದಿದ್ದೀಯ, ಅದು ಫಿಸಿಕ್ಸ್ ಅಂತ ಯಾರೂ ಹೇಳಲಿಲ್ಲ. ಒಂದು ಉದಾಹರಣೆ ಕೊಡುತ್ತೇನೆ, ಓದುತ್ತಾ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೋ. ಎರಡು ಗೋಡೆಗಳ ನಡುವೆ ಒಂದೇ ದ್ರವ್ಯರಾಶಿಯ ಎರಡು ಗುಂಡು, ಒಂದೇ ತರಹದ ಮೂರು ಸ್ಪ್ರಿಂಗ್. ಗೋಡೆ, ಸ್ಪ್ರಿಂಗ್, ಗುಂಡು, ಸ್ಪ್ರಿಂಗ್, ಗುಂಡು, ಸ್ಪ್ರಿಂಗ್, ಗೋಡೆ. ಪ್ರತಿ ಗುಂಡಿಗೂ ನ್ಯೂಟನ್ನನ ಎರಡನೇ ನಿಯಮ ಬರೆ. ಬರುವ ಎರಡು ಸಮೀಕರಣವನ್ನು ಮ್ಯಾಟ್ರಿಕ್ಸ್ ಮಾಡಿದರೆ ಮೊದಲ ಸಾಲಿನಲ್ಲಿ 2 ಮತ್ತು ಮೈನಸ್ 1, ಎರಡನೇ ಸಾಲಿನಲ್ಲಿ ಮೈನಸ್ 1 ಮತ್ತು 2, ಹೊರಗೆ ಸ್ಪ್ರಿಂಗ್ ಕಾನ್‌ಸ್ಟಂಟನ್ನು ದ್ರವ್ಯರಾಶಿಯಿಂದ ಭಾಗಿಸಿದ್ದು. ಇದರ ಐಗನ್ ವ್ಯಾಲ್ಯೂ ತೆಗೆ, 1 ಮತ್ತು 3 ಬರುತ್ತದೆ. ಆ 1 ಅಂದರೆ ಎರಡೂ ಗುಂಡು ಜೊತೆಜೊತೆಗೆ ಒಂದೇ ಕಡೆ ತೂಗುವುದು. ಆ 3 ಅಂದರೆ ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಹೋಗುವುದು, ಅದು ಮೊದಲನೆಯದಕ್ಕಿಂತ ರೂಟ್ 3 ಪಟ್ಟು ವೇಗವಾಗಿ ತೂಗುತ್ತದೆ. ಐಗನ್ ವೆಕ್ಟರ್ ಅಂತ ನೀನು ಬರೆದು ಬಿಟ್ಟದ್ದು ಇದೇ, ಗುಂಡುಗಳು ತೂಗುವ ರೀತಿ. ಮುಂದೆ ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ಎರಡು ಸ್ಥಿತಿಗಳ ವ್ಯವಸ್ಥೆ ಅಂತ ಬಂದಾಗ ಬಿಡಿಸುವುದೂ ಇಂಥದ್ದೇ ಲೆಕ್ಕ, ಫ್ರೀಕ್ವೆನ್ಸಿಯ ಜಾಗದಲ್ಲಿ ಎನರ್ಜಿ ಇರುತ್ತದೆ, ಅಷ್ಟೇ.

ಹಾಗೆಯೇ ಕಾನ್‌ಸ್ಟಂಟ್ ಕೋಎಫಿಷಿಯಂಟ್ ಇರುವ ಎರಡನೇ ಆರ್ಡರಿನ ಡಿಫರೆನ್ಷಿಯಲ್ ಈಕ್ವೇಶನ್. ಗಣಿತದಲ್ಲಿ ಅದಕ್ಕೆ ಆಕ್ಸಿಲರಿ ಈಕ್ವೇಶನ್ ಬರೆದು ಮೂಲ ತೆಗೆದಿದ್ದೀಯ. ಗಾಳಿಯಲ್ಲಿ ತೂಗಿ ತೂಗಿ ನಿಲ್ಲುವ ಲೋಲಕ, ಎಲ್‌ಸಿಆರ್ ಸರ್ಕ್ಯೂಟ್, ಡಬ್ಬಿಯೊಳಗಿನ ಎಲೆಕ್ಟ್ರಾನಿನ ಶ್ರೋಡಿಂಗರ್ ಸಮೀಕರಣ, ಮೂರೂ ಅದೇ ಈಕ್ವೇಶನ್. ಮೂಲಗಳು ನಿಜ ಸಂಖ್ಯೆಯಾದರೆ ಏನಾಗುತ್ತದೆ, ಕಾಂಪ್ಲೆಕ್ಸ್ ಆದರೆ ಏನಾಗುತ್ತದೆ ಅಂತ ಕೈಯಾರೆ ಒಮ್ಮೆ ಬಿಡಿಸಿ ನೋಡಿದವಳಿಗೆ ಮೂರು ಅಧ್ಯಾಯ ಒಟ್ಟಿಗೆ ಅರ್ಥ ಆಗುತ್ತದೆ.

ಈಗ ಕೆಮಿಸ್ಟ್ರಿ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ. ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಎಂಟ್ರೊಪಿ, ಗಿಬ್ಸ್ ಫ್ರೀ ಎನರ್ಜಿ, ಕಾರ್ನೋ ಸೈಕಲ್ ಬಂದಿರುತ್ತದೆ ಅಲ್ವಾ? ಅದು ಥರ್ಮೋಡೈನಾಮಿಕ್ಸ್. ಡಬ್ಬಿಯಲ್ಲಿ ಕಣ, ಹೈಡ್ರೋಜನ್ ಪರಮಾಣುವಿನ ಆರ್ಬಿಟಲ್, ಕ್ವಾಂಟಮ್ ನಂಬರ್‌ಗಳು ಕೂಡ ಅಲ್ಲಿ ಬರುತ್ತವೆ. ನನ್ನ ಕ್ಲಾಸಿನಲ್ಲಿ ಒಮ್ಮೆ ಆಳಂದ ಕಡೆಯ ಒಬ್ಬ ಹುಡುಗಿ ಇದ್ದಳು. ಬರೀ ಫಿಸಿಕ್ಸ್ ನೋಟ್ಸ್ ನೋಡಿದರೆ ಅವಳಿಗೆ ಏನೂ ಬರುವುದಿಲ್ಲ ಅನ್ನಿಸುತ್ತಿತ್ತು. ಆದರೆ ಪಿ ಆರ್ಬಿಟಲ್ ಯಾಕೆ ಡಂಬೆಲ್ ತರಹ ಇರುತ್ತದೆ ಅಂತ ಕೇಳಿದರೆ ಕ್ಲಾಸಿನಲ್ಲಿ ಅವಳೊಬ್ಬಳೇ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದಳು. ಆ್ಯಂಗ್ಯುಲರ್ ಮೊಮೆಂಟಮ್ ಪಾಠ ಅವಳಿಗೆ ಬೇರೆ ಎಲ್ಲರಿಗಿಂತ ಬೇಗ ಹತ್ತಿತು.

ಹಾಗಾದರೆ ನಿಜವಾಗಿ ಇಲ್ಲದ್ದು ಯಾವುದು? ಲಗ್ರಾಂಜಿಯನ್ ಮತ್ತು ಹ್ಯಾಮಿಲ್ಟೋನಿಯನ್ (ಬಲದ ಬದಲು ಎನರ್ಜಿಯಿಂದ ಚಲನೆಯ ಸಮೀಕರಣ ತೆಗೆಯುವ ವಿಧಾನಗಳು), ಆಪರೇಟರ್ ಹಿಡಿದು ಮಾಡುವ ಕ್ವಾಂಟಮ್, ಸರಿಯಾದ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಮ್ಯಾಕ್ಸ್‌ವೆಲ್ ಸಮೀಕರಣಗಳ ನಂತರದ ಎಲೆಕ್ಟ್ರೋಡೈನಾಮಿಕ್ಸ್. ಇವು ನಿನಗೆ ಇಲ್ಲ, ಹೌದು. ಆದರೆ ಎಂಎಸ್ಸಿ ಮೊದಲ ವರ್ಷ ಕಲಿಸುವುದೇ ಇವನ್ನು, ಅದೂ ಮೊದಲಿನಿಂದ. ಎಂಎಸ್ಸಿಗೆ ಸೇರುವ ಮೊದಲೇ ಎಂಎಸ್ಸಿ ಓದಿ ಮುಗಿಸಬೇಕು ಅಂತ ಹೊರಡುವುದು ನಾನು ಕಂಡ ಅತಿ ದೊಡ್ಡ ತಪ್ಪು. ಹಾಗೆ ಹೊರಟವರು ಯೂಟ್ಯೂಬಿನಲ್ಲಿ ಲಗ್ರಾಂಜಿಯನ್ ಮೂವತ್ತು ವಿಡಿಯೋ ನೋಡಿರುತ್ತಾರೆ, ಆದರೆ ಪೋಲಾರ್ ಕೋಆರ್ಡಿನೇಟ್‌ನಲ್ಲಿ ಆಕ್ಸಿಲರೇಶನ್ ಬರೆಯಲು ಬರುವುದಿಲ್ಲ. ಬಿಎಸ್ಸಿ ಮಟ್ಟದ ಲೆಕ್ಕ ಕೈಗೆ ಹತ್ತಿರಬೇಕು. ಅದು ಹತ್ತಿದ್ದರೆ ಉಳಿದದ್ದು ನಮ್ಮ ಕೆಲಸ.

ಕೈಗೆ ಹತ್ತಿದೆಯೋ ಇಲ್ಲವೋ ನೋಡಲು ನಾಲ್ಕು ಲೆಕ್ಕ ಕೊಡುತ್ತೇನೆ. ಪುಸ್ತಕ ಮುಚ್ಚಿ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಎರಡು ಗಂಟೆ ಕೂತು ಮಾಡು. ಒಂದು ಗೋಳದ ಪೂರ್ತಿ ಒಳಗೆ ಚಾರ್ಜ್ ಸಮನಾಗಿ ತುಂಬಿದೆ, ಅದರ ಮಧ್ಯದಲ್ಲಿ ಪೊಟೆನ್ಷಿಯಲ್ ಮೇಲ್ಮೈಗಿಂತ ಎಷ್ಟು ಪಟ್ಟು? ಒಂದೂವರೆ ಪಟ್ಟು ಬರಬೇಕು. ಒಂದು ಮೋಲ್ ಆದರ್ಶ ಅನಿಲ ಖಾಲಿ ಜಾಗಕ್ಕೆ ತಾನಾಗಿ ಹಿಗ್ಗಿ ಎರಡು ಪಟ್ಟು ಆಯಿತು, ಶಾಖ ಒಳಗೆ ಬರಲಿಲ್ಲ, ಹೊರಗೆ ಹೋಗಲಿಲ್ಲ, ಎಂಟ್ರೊಪಿ ಎಷ್ಟು ಹೆಚ್ಚಿತು? ಕೆಲ್ವಿನ್‌ಗೆ 5.76 ಜೂಲ್. ಸೊನ್ನೆ ಅಂತ ಬಂದರೆ ನೀನು ಎಲ್ಲಿ ತಪ್ಪಿದೆ ಅಂತ ಹುಡುಕುವುದೇ ಒಂದು ಪಾಠ. ಒಂದು ನ್ಯಾನೋಮೀಟರ್ ಅಗಲದ ಡಬ್ಬಿಯಲ್ಲಿ ಎಲೆಕ್ಟ್ರಾನ್ ಇದೆ, ಅದರ ಅತಿ ಕಡಿಮೆ ಎನರ್ಜಿ ಎಷ್ಟು, ಎರಡನೇ ಮಟ್ಟದಿಂದ ಮೊದಲನೆಯದಕ್ಕೆ ಇಳಿದರೆ ಹೊರಬರುವ ಬೆಳಕಿನ ತರಂಗದೂರ ಎಷ್ಟು? ಸುಮಾರು 0.376 ಎಲೆಕ್ಟ್ರಾನ್ ವೋಲ್ಟ್, ಮತ್ತು 1100 ನ್ಯಾನೋಮೀಟರ್ ಹತ್ತಿರ. ನಾಲ್ಕನೆಯದು ಲ್ಯಾಬಿನದು. ಲೋಲಕದಿಂದ ಗುರುತ್ವ ವೇಗವರ್ಧನೆ ಅಳೆಯುವಾಗ ಆವರ್ತನ ಕಾಲದಲ್ಲಿ ಶೇಕಡಾ 1 ತಪ್ಪಾದರೆ ಉತ್ತರದಲ್ಲಿ ಎಷ್ಟು ತಪ್ಪಾಗುತ್ತದೆ? ಶೇಕಡಾ 2. ಯಾಕೆ 2 ಅಂತ ಬಾಯಲ್ಲಿ ಹೇಳಲು ಬರಬೇಕು.

ನಾಲ್ಕರಲ್ಲಿ ಮೂರು ಬಂದರೆ ನೀನು ಅಂದುಕೊಂಡದ್ದಕ್ಕಿಂತ ಬಹಳ ಮುಂದೆ ಇದ್ದೀಯ. ಒಂದೂ ಬರದಿದ್ದರೂ ಬಾಗಿಲು ಮುಚ್ಚಿಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತು, ಅಷ್ಟೇ.

ಶುರು ಮಾಡುವುದು ವೆಕ್ಟರ್ ಕ್ಯಾಲ್ಕುಲಸ್‌ನಿಂದ. ಗ್ರೇಡಿಯಂಟ್, ಡೈವರ್ಜೆನ್ಸ್, ಕರ್ಲ್, ಸ್ಟೋಕ್ಸ್ ಪ್ರಮೇಯ. ಎಲೆಕ್ಟ್ರೋಡೈನಾಮಿಕ್ಸ್‌ಗೆ ಎಲ್ಲರೂ ಹೇಳುವ ಗ್ರಿಫಿತ್ಸ್ ಪುಸ್ತಕದ ಮೊದಲ ಅಧ್ಯಾಯ ಪೂರ್ತಿ ಇದೇ, ಅದೊಂದು ಅಧ್ಯಾಯದ ಲೆಕ್ಕಗಳನ್ನು ಬಿಡದೆ ಮಾಡು, ತಿಂಗಳು ಹಿಡಿದರೂ ಪರವಾಗಿಲ್ಲ. ಆಮೇಲೆ ಮೆಕ್ಯಾನಿಕ್ಸ್, ಆಮೇಲೆ ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂ, ಇವೆರಡಕ್ಕೆ ಜಾಸ್ತಿ ಸಮಯ ಕೊಡು. ಥರ್ಮೋ, ಆಪ್ಟಿಕ್ಸ್, ಮಾಡರ್ನ್ ಫಿಸಿಕ್ಸ್ ಕಡಿಮೆ ಸಮಯದಲ್ಲಿ ಆಗುತ್ತವೆ. ದಿನಕ್ಕೆ ಎರಡು ಗಂಟೆ ಸಾಕು, ಆದರೆ ಆ ಎರಡು ಗಂಟೆ ಪೆನ್ ಓಡುತ್ತಿರಬೇಕು. ವಿಡಿಯೋ ನೋಡಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಮಾತು, ನಿಮ್ಮದು ಹೊಲ ಇರುವ ಮನೆ ಅಂತ ಅಂದುಕೊಳ್ಳುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಹತ್ತಿ ಬಿಡಿಸುವುದು, ತೊಗರಿ ರಾಶಿ ಅಂತ ನಮ್ಮ ಕಡೆ ಯಾರಿಗೂ ಪುರುಸೊತ್ತು ಇರುವುದಿಲ್ಲ, ಮತ್ತು ಐಐಟಿಗಳ ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆ ಬರುವುದು ಸರಿಯಾಗಿ ಅದರ ಬೆನ್ನಿಗೆ, ಫೆಬ್ರವರಿಯಲ್ಲಿ. ಹಾಗಾಗಿ ಹೊಸದಾಗಿ ಓದುವುದನ್ನೆಲ್ಲ ನವೆಂಬರ್ ಒಳಗೇ ಮುಗಿಸು. ರಾಶಿ ದಿನಗಳಲ್ಲಿ ಬೆಳಗಿನ ಜಾವ ಹಳೆಯ ಪ್ರಶ್ನೆಪತ್ರಿಕೆ ಮಾತ್ರ.

ಜಾಮ್ ಬಗ್ಗೆ ನಮ್ಮ ಕಡೆ ತಪ್ಪು ಮಾತು ಬಹಳ ಇದೆ. ಐಐಟಿ ಅಂತ ಹೆಸರು ಕೇಳಿದ ಕೂಡಲೇ ಅದು ನಮಗಲ್ಲ ಅನ್ನುತ್ತಾರೆ. ಐಐಟಿಗಳ ಎಂಎಸ್ಸಿಗೆ ಸೇರಿಸಿಕೊಳ್ಳಲು ನಡೆಸುವ ಪರೀಕ್ಷೆ ಅದು, ಬರೆಯುವವರು ನಿನ್ನಂಥ ಬಿಎಸ್ಸಿ ಮಕ್ಕಳೇ. ಅದರ ಫಿಸಿಕ್ಸ್ ಸಿಲಬಸ್ ತೆಗೆದು ನೋಡು, ಲಗ್ರಾಂಜಿಯನ್ ಅದರಲ್ಲಿ ಇಲ್ಲ. ಮ್ಯಾಟ್ರಿಕ್ಸ್, ಕಾನ್‌ಸ್ಟಂಟ್ ಕೋಎಫಿಷಿಯಂಟಿನ ಡಿಫರೆನ್ಷಿಯಲ್ ಈಕ್ವೇಶನ್, ಕೇಂದ್ರೀಯ ಬಲ, ಗಾಸ್ ನಿಯಮ, ಡಬ್ಬಿಯಲ್ಲಿ ಕಣ, ಡಯೋಡು, ಟ್ರಾನ್ಸಿಸ್ಟರು, ಹೀಗೇ ಇದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. 30 ಪ್ರಶ್ನೆಗೆ ನಾಲ್ಕರಲ್ಲಿ ಒಂದು ಉತ್ತರ, ಅಲ್ಲಿ ತಪ್ಪಾದರೆ ಮೂರನೇ ಒಂದು ಪಾಲು ಅಂಕ ಕಳೆಯುತ್ತಾರೆ. 10 ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. ಉಳಿದ 20ಕ್ಕೆ ಸಂಖ್ಯೆಯನ್ನೇ ಟೈಪ್ ಮಾಡಬೇಕು. ಈ ಕೊನೆಯ ಎರಡು ಬಗೆಯಲ್ಲಿ ನೆಗೆಟಿವ್ ಇಲ್ಲ. ಲೆಕ್ಕ ಮಾಡುವ ಅಭ್ಯಾಸ ಇರುವವಳಿಗೆ ಆ ಸಂಖ್ಯೆಯ ಪ್ರಶ್ನೆಗಳೇ ಅನುಕೂಲ. ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಕಡಿಮೆ. ಇದೇ ಅಂಕದ ಮೇಲೆ ಸುರತ್ಕಲ್ಲಿನಂಥ ಎನ್‌ಐಟಿಗಳಿಗೂ, ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ (ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಕೋರ್ಸ್) ದಾರಿ ಇದೆ. ಐಐಎಸ್‌ಸಿಯಲ್ಲಿ ಸೀಟು ಬಹಳ ಕಡಿಮೆ, ಅದನ್ನೊಂದೇ ನಂಬಿ ಕೂರಬೇಡ. ಸಂಶೋಧನಾ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳಾದ ಟಿಐಎಫ್‌ಆರ್ ಪರೀಕ್ಷೆ, ಜೆಸ್ಟ್ ಇವುಗಳಲ್ಲಿ ಕ್ವಾಂಟಮ್, ಲಗ್ರಾಂಜಿಯನ್ ಆಳವಾಗಿ ಕೇಳುತ್ತಾರೆ, ಈ ವರ್ಷ ಅವುಗಳ ಚಿಂತೆ ಬಿಡು, ಎಂಎಸ್ಸಿ ಎರಡನೇ ವರ್ಷದಲ್ಲಿ ನೋಡಿಕೊಳ್ಳಬಹುದು.

ಒಂದು ಕಾಗದಪತ್ರದ ವಿಷಯ, ಇದರಲ್ಲಿ ಪ್ರತಿ ವರ್ಷ ಒಬ್ಬರಾದರೂ ಎಡವುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಸಿಗುವ 371(ಜೆ) ಮೀಸಲಾತಿ ಪ್ರಮಾಣಪತ್ರ ಇದೆ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಅದು ನಮ್ಮ ರಾಜ್ಯದ ಸಂಸ್ಥೆಗಳ ಪ್ರವೇಶಕ್ಕೆ ಬಹಳ ಉಪಯೋಗ, ಆದರೆ ಐಐಟಿಗಳಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಮೀಸಲಾತಿ ಮಾತ್ರ. ಒಬಿಸಿ ಆದರೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರ್ ಕಚೇರಿಯಿಂದ ಪ್ರಮಾಣಪತ್ರ ತೆಗೆಸಬೇಕು. ಅರ್ಜಿ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ, ಅದಕ್ಕೆ ಮೊದಲೇ ಓಡಾಡಿ ಮುಗಿಸಿಬಿಡು.

ಇನ್ನು ಹತ್ತಿರದ ದಾರಿಗಳು. ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಡಗಂಚಿಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಅದರಲ್ಲಿ 75 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಜಾಮ್‌ಗೆ ಓದಿದವಳಿಗೆ ಅದಕ್ಕೆ ಬೇರೆ ತಯಾರಿ ಬೇಡ, ವೇಗ ಮಾತ್ರ ಬೇಕು. ಊರಿನ ಹತ್ತಿರ ಓದಿದರೆ ಪಿಎಚ್‌ಡಿ ಸಿಗಲ್ಲ ಅನ್ನುವವರ ಮಾತು ಕೇಳಬೇಡ. ಲೆಕ್ಚರರ್ ಅರ್ಹತೆಗೆ, ಸಂಶೋಧನಾ ಫೆಲೋಶಿಪ್‌ಗೆ ನಡೆಸುವ ಸಿಎಸ್‌ಐಆರ್ ನೆಟ್ ಪರೀಕ್ಷೆಗೆ ನೀನು ಎಲ್ಲಿ ಎಂಎಸ್ಸಿ ಮಾಡಿದೆ ಅನ್ನುವುದು ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ಓದುವುದರಲ್ಲಿ ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಸೆಮಿನಾರ್ ಅಂತ ಎರಡು ವರ್ಷ ಹೋಗಿದ್ದೇ ಗೊತ್ತಾಗುವುದಿಲ್ಲ, ಅಂಕವೂ ಚೆನ್ನಾಗಿ ಬರುತ್ತದೆ, ಆದರೆ ಪಠ್ಯದ ಆಚೆಯ ಲೆಕ್ಕ ಬಿಡಿಸುವ ಜೊತೆಗಾರರು ಸಿಗುವುದು ಕಷ್ಟ. ಅದಕ್ಕೆ ಸೇರಿದ ಮೊದಲ ತಿಂಗಳಲ್ಲೇ ಇಬ್ಬರನ್ನು ಹುಡುಕಿಕೋ, ವಾರಕ್ಕೆ ಒಂದು ಸಂಜೆ ಒಟ್ಟಿಗೆ ಕೂತು ಲೆಕ್ಕ ಮಾಡುವವರನ್ನು. ಮತ್ತು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರೆ, ಸಂಶೋಧನೆ ನಿನಗೆ ಇಷ್ಟವೋ ಇಲ್ಲವೋ ಅನ್ನುವುದು ನಿನಗೇ ಗೊತ್ತಾಗುತ್ತದೆ.

ಡ್ರಾಪ್ ಬೇಡ ಅಂತ ನನ್ನ ಅಭಿಪ್ರಾಯ. ವರ್ಷ ಹಾಳಾಗುತ್ತದೆ ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ, ಒಂದು ವರ್ಷ ದೊಡ್ಡ ವಿಷಯ ಅಲ್ಲವೇ ಅಲ್ಲ. ಮನೆಯಲ್ಲಿ ಕೂತ ಹುಡುಗಿಗೆ ಓದಲು ಸಮಯ ಇದೆ ಅಂತ ನಮ್ಮ ಕಡೆ ಯಾರೂ ನೋಡುವುದಿಲ್ಲ. ನೀರು, ಅಡುಗೆ, ಹೊಲ, ಬಂದುಹೋಗುವ ನೆಂಟರು, ಆಮೇಲೆ ಮದುವೆ ಮಾತು. ಡ್ರಾಪ್ ತಗೊಂಡ ಹುಡುಗರು ಲೈಬ್ರರಿಗೆ ಹೋದರೆ ಕೇಳುವವರಿಲ್ಲ, ಹುಡುಗಿಯರಿಗೆ ಆ ಸ್ವಾತಂತ್ರ್ಯ ಸಿಕ್ಕಿದ್ದು ನಾನು ನೋಡಿದ್ದು ಕಡಿಮೆ. ಈ ವರ್ಷವೇ ಜಾಮ್, ಸಿಯುಇಟಿ ಎರಡೂ ಪರೀಕ್ಷೆ ಬರೆ, ಎಲ್ಲಿ ಸಿಗುತ್ತದೋ ಅಲ್ಲಿ ಸೇರು. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದು ಎಂಎಸ್ಸಿ ಶುರುವಾಗುವ ತನಕ ಎರಡು ತಿಂಗಳಾದರೂ ಸಿಗುತ್ತದೆ. ಆ ಸಮಯ ಲಗ್ರಾಂಜಿಯನ್‌ಗೆ ಇಟ್ಟುಕೋ, ಸರಳ ಲೋಲಕ, ಜೋಡಿ ಲೋಲಕ, ಇಳಿಜಾರಿನ ಮೇಲೆ ಉರುಳುವ ಚಕ್ರ, ಇಷ್ಟು ಮಾಡಿದರೆ ಸಾಕು. ಡ್ರಾಪ್ ಸರಿ ಅನ್ನುವುದು ಒಂದೇ ಸಂದರ್ಭದಲ್ಲಿ: ಈ ವರ್ಷ ಸ್ವಲ್ಪದರಲ್ಲೇ ತಪ್ಪಿಹೋಯಿತು, ಮನೆಯಿಂದ ಹೊರಗೆ ಇದ್ದು ಓದಲು ಜಾಗ ಇದೆ, ಅಪ್ಪ ಅಮ್ಮ ಮನಸ್ಸಿನಿಂದ ಒಪ್ಪಿದ್ದಾರೆ. ಮೂರೂ ಇದ್ದರೆ ಮಾತ್ರ.

ಕೋಚಿಂಗ್‌ಗೆ ಹೈದರಾಬಾದಿಗೆ ಹೋಗುವ ಅಗತ್ಯ ಇಲ್ಲ. ಅಲ್ಲಿ ಕಲಿಸುವುದು ಬಹುಪಾಲು ವೇಗ ಮತ್ತು ಉಪಾಯ. ಬುನಾದಿ ಇದ್ದವರಿಗೆ ಕೊನೆಯ ಎರಡು ತಿಂಗಳು ಅದರಿಂದ ಲಾಭ ಆಗುತ್ತದೆ, ಇಲ್ಲದವರಿಗೆ ಸೂತ್ರಗಳ ಪಟ್ಟಿ ಮಾತ್ರ ಉಳಿಯುತ್ತದೆ. ಹಳೆಯ ಜಾಮ್ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ. ಪಾಠ ಬೇಕಾದರೆ ಐಐಟಿಯವರ ಆನ್‌ಲೈನ್ ಪಾಠಗಳ ಎನ್‌ಪಿಟಿಇಎಲ್ ಇದೆ. ನಮ್ಮ ಕಡೆಯವರಿಗೆ ಹಿಂದಿ ಸುಲಭವಾಗಿ ಅರ್ಥ ಆಗುತ್ತದೆ ಅಲ್ವಾ, ಎಚ್.ಸಿ. ವರ್ಮಾ ಅವರು ಬಿಎಸ್ಸಿ ಮಕ್ಕಳಿಗಾಗಿಯೇ ಹಿಂದಿಯಲ್ಲಿ ಮಾಡಿರುವ ಎಲೆಕ್ಟ್ರೋಮ್ಯಾಗ್ನೆಟಿಸಂ ಪಾಠಗಳಿವೆ, ದುಡ್ಡು ಕೊಡಬೇಕಿಲ್ಲ. ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಉಪನ್ಯಾಸಗಳು ಬಹಳ ಚೆಂದ, ಆದರೆ ಅವನ್ನು ಎಂಎಸ್ಸಿ ಸೇರಿದ ಮೇಲೆ ನೋಡು.

ಇಂಗ್ಲಿಷ್ ಬಗ್ಗೆ. ಫಿಸಿಕ್ಸ್ ಪುಸ್ತಕದ ಇಂಗ್ಲಿಷ್ ಕಥೆ ಪುಸ್ತಕದ ಇಂಗ್ಲಿಷ್ ಅಲ್ಲ, ಕೆಲವು ನೂರು ಪದಗಳು ಸುತ್ತಿ ಸುತ್ತಿ ಬರುತ್ತವೆ. ಪ್ರಶ್ನೆ ಓದಿದ ಕೂಡಲೇ ಸೂತ್ರ ಹುಡುಕಬೇಡ. ಮೊದಲು ಚಿತ್ರ ಬಿಡಿಸು, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಕನ್ನಡದಲ್ಲೇ ಜೋರಾಗಿ ನಿನಗೆ ನೀನೇ ಹೇಳಿಕೋ. ನಾನು ಈಗಲೂ ಕಷ್ಟದ ಲೆಕ್ಕ ಬಂದರೆ ಕನ್ನಡದಲ್ಲೇ ಯೋಚಿಸುತ್ತೇನೆ, ಬರೆಯುವಾಗ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಮೊದಲ ಅಧ್ಯಾಯ ತಿಂಗಳು ತಗೊಂಡರೆ ನಾಲ್ಕನೆಯದು ವಾರದಲ್ಲಿ ಮುಗಿಯುತ್ತದೆ.

ಲ್ಯಾಬ್ ಸರಿ ಇರಲಿಲ್ಲ ಅಂತ ನೀನು ಬರೆದಿಲ್ಲ, ಆದರೆ ಇರಲಿಲ್ಲ ಅಂತ ನನಗೆ ಗೊತ್ತು. ಮೊಬೈಲಿನಲ್ಲಿ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಹಾಕಿಕೋ. ಫೋನನ್ನೇ ದಾರಕ್ಕೆ ಕಟ್ಟಿ ತೂಗಿಬಿಟ್ಟು ಆವರ್ತನ ಕಾಲ ಅಳೆ, ಇಪ್ಪತ್ತು ಸಲ ಅಳೆದು ಸರಾಸರಿ ತೆಗೆ, ತಪ್ಪು ಎಷ್ಟು ಅಂತ ಬರೆ. ಇಂಟರ್ವ್ಯೂನಲ್ಲಿ ಇಂಥ ಒಂದು ಪ್ರಯೋಗವನ್ನು ಪ್ರಾಮಾಣಿಕವಾಗಿ ಹೇಳಿದರೆ, ರೆಕಾರ್ಡ್ ಬುಕ್ಕಿನ ಹನ್ನೆರಡು ಪ್ರಯೋಗಕ್ಕಿಂತ ಜಾಸ್ತಿ ಬೆಲೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡ. ಅವರಿಗೆ ಬೇಕಾಗಿರುವುದು ನಿನಗೊಂದು ಕೆಲಸ ಸಿಗುತ್ತದೆ ಅನ್ನುವ ಧೈರ್ಯ. ಅದನ್ನು ಲೆಕ್ಕ ಸಮೇತ ಹೇಳು. ಪಿಯು ಕಾಲೇಜಿನ ಲೆಕ್ಚರರ್ ಆಗಲು ಎಂಎಸ್ಸಿ ಬೇಕೇ ಬೇಕು, ಜೊತೆಗೆ ಬಿ.ಇಡಿ. ಬಿ.ಇಡಿಯನ್ನು ಎಂಎಸ್ಸಿ ಆದ ಮೇಲೂ ಮಾಡಬಹುದು. ಆದರೆ ಮೊದಲು ಬಿ.ಇಡಿಗೆ ಹೋಗಿ ಎರಡು ವರ್ಷ ಗಣಿತ ಬಿಟ್ಟರೆ ಮತ್ತೆ ಎಂಎಸ್ಸಿಗೆ ಬಂದು ಲೆಕ್ಕ ಹಿಡಿಯುವುದು ಬಹಳ ಕಷ್ಟ, ಹಾಗೆ ಬಂದವರನ್ನು ನಾನು ಕಂಡಿದ್ದೇನೆ. ಡಿಗ್ರಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಬೇಕು. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, 2023ರಿಂದ ಈ ದರ ಇದೆ. ಓದುವಾಗಲೇ ಹಣ ಬರುತ್ತದೆ ಅನ್ನುವುದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಜೆಆರ್‌ಎಫ್ ಎಲ್ಲರಿಗೂ ಬರುವುದಿಲ್ಲ, ಅದನ್ನೂ ಮುಚ್ಚಿಡದೆ ಹೇಳು. ಬೇಕಾದರೆ ಅಪ್ಪನನ್ನು ಒಂದು ದಿನ ಕಲಬುರಗಿಗೆ ಕರೆದುಕೊಂಡು ಬಂದು ಕ್ಯಾಂಪಸ್ಸು, ಹೆಣ್ಣುಮಕ್ಕಳ ಹಾಸ್ಟೆಲ್ಲು ತೋರಿಸು. ಕಣ್ಣಾರೆ ಕಂಡ ಮೇಲೆ ಮಾತು ಬೇರೆ ಆಗುತ್ತದೆ.

ಇನ್ನು ನೋಟ್ಸ್. ಸರಿ ಮಾಡಲಿಲ್ಲ. ಆ ಹುಡುಗಿಯ ಹತ್ತಿರ ಈ ವಾರವೇ ಹೋಗು, ಅವಳಿಗೂ ಬೇಕಾಗಿದ್ದರೆ ಜೆರಾಕ್ಸ್ ಮಾಡಿಸಿಕೊಡು, ನಿನ್ನ ಕೈಬರಹದ ಮೂಲ ಪ್ರತಿ ನಿನ್ನ ಹತ್ತಿರ ಇರಲಿ. ಗಣಿತದಲ್ಲಿ ಮ್ಯಾಟ್ರಿಕ್ಸ್ ಮತ್ತು ಡಿಫರೆನ್ಷಿಯಲ್ ಈಕ್ವೇಶನ್ ಇರುವ ನೋಟ್‌ಬುಕ್, ಕೆಮಿಸ್ಟ್ರಿಯಲ್ಲಿ ಥರ್ಮೋಡೈನಾಮಿಕ್ಸ್ ಮತ್ತು ಪರಮಾಣು ರಚನೆ ಇರುವುದು, ಮೊದಲು ಇವೆರಡನ್ನು ಇಸ್ಕೋ.